ಪ್ರಾಣಿಗಳ ಗೆಳೆತನದ ಹಳೆಯ ಕಥೆಗಳು ಮಕ್ಕಳಿಗೆ ಇಂದಿಗೂ ಏಕೆ ಹಿಡಿಸುತ್ತವೆ?

ಈ ಪ್ರಶ್ನೆಗೆ ಉತ್ತರ ಹುಡುಕಲು ಪಂಚತಂತ್ರದ ‘ಮಿತ್ರಸಂಪ್ರಾಪ್ತಿ’ ಎಂಬ ಭಾಗಕ್ಕಿಂತ ಒಳ್ಳೆಯ ಜಾಗ ನನಗೆ ತೋರುವುದಿಲ್ಲ. ಅಲ್ಲಿ ಸ್ನೇಹ ಸುಲಭವಾಗಿ ದೊರೆಯುವುದಿಲ್ಲ. ಬಲೆಗೆ ಸಿಕ್ಕ ಪಾರಿವಾಳಗಳನ್ನು ಹಿರಣ್ಯಕನೆಂಬ ಇಲಿ ಬಿಡಿಸಿದ್ದನ್ನು ಕಂಡು ಲಘುಪತನಕನೆಂಬ ಕಾಗೆ ಅದರ ಗೆಳೆತನವನ್ನು ಬಯಸಿದಾಗ, ತಿನ್ನುವವನಿಗೂ ತಿನಿಸಾಗುವವನಿಗೂ ಎಲ್ಲಿಯ ಸ್ನೇಹವೆಂದು ಇಲಿ ಬಿಲದೊಳಗಿನಿಂದಲೇ ಕೇಳುತ್ತದೆ. ಹೊಸ ಶಾಲೆಯ ಬಾಗಿಲಲ್ಲಿ ನಿಂತ ಮಗುವಿಗೆ ಈ ಅಂಜಿಕೆಯನ್ನು ಯಾರೂ ವಿವರಿಸಬೇಕಾಗಿಲ್ಲ.

ಮುಂದೆ ಆಮೆಯೂ ಜಿಂಕೆಯೂ ಇವರನ್ನು ಸೇರುತ್ತವೆ. ಬಲೆಗೆ ಬಿದ್ದ ಜಿಂಕೆಯನ್ನು ಕಾಣಲು, ಓಡಲಾರೆನೆಂದು ತಿಳಿದೂ ತೆವಳಿಕೊಂಡು ಬಂದ ಆಮೆ ತಾನೇ ಬೇಡನ ಕೈಗೆ ಸಿಗುತ್ತದೆ; ಇಡೀ ಕಥೆಯಲ್ಲಿ ನನ್ನ ಮನಸ್ಸನ್ನು ಹೆಚ್ಚು ಕಲಕುವುದು ಈ ಅವಿವೇಕದ ಪ್ರೀತಿಯೇ. ಆಗ, ಇಲಿ ಬಲೆ ಕಡಿದದ್ದರಿಂದ ಪಾರಾಗಿದ್ದ ಜಿಂಕೆ ನೀರಿನ ದಡದಲ್ಲಿ ಸತ್ತಂತೆ ಮಲಗುತ್ತದೆ, ಕಾಗೆ ಅದರ ಕಣ್ಣು ಕುಕ್ಕುವಂತೆ ನಟಿಸುತ್ತದೆ, ಬೇಡ ಆಮೆಯನ್ನು ನೆಲಕ್ಕಿಟ್ಟು ಅತ್ತ ಧಾವಿಸಿದೊಡನೆ ಇಲಿ ಅದರ ಕಟ್ಟನ್ನು ಕಡಿದುಹಾಕುತ್ತದೆ. ತಾನು ಚಿಕ್ಕವನೆಂಬ ಅರಿವಿನಲ್ಲೇ ದಿನ ಕಳೆಯುವ ಮಗುವಿಗೆ, ಹಲ್ಲಷ್ಟೇ ಬಲವಾಗಿರುವ ಇಲಿಯೇ ಎಲ್ಲರಿಗೂ ಬೇಕಾದವನಾಗುವ ಈ ಗಳಿಗೆ ಅಪಾರ ಸಂತೋಷವನ್ನು ಕೊಡುತ್ತದೆ.

ಪಾತ್ರಗಳು ಪ್ರಾಣಿಗಳಾದ್ದರಿಂದ ಅವುಗಳಿಗೆ ಊರು, ಉಡುಗೆಗಳ ಗಡಿಯಿಲ್ಲ. ಪಂಚತಂತ್ರವು 8ನೆಯ ಶತಮಾನದಲ್ಲಿ ಅರಬ್ಬಿಗೆ ಹೋದದ್ದೂ, 11ನೆಯ ಶತಮಾನದಲ್ಲಿ ಕವಿ ದುರ್ಗಸಿಂಹನು ವಸುಭಾಗಭಟ್ಟನ ಸಂಸ್ಕೃತ ಪಾಠವನ್ನು ಅನುಸರಿಸಿ ಅದನ್ನು ಕನ್ನಡಕ್ಕೆ ತಂದದ್ದೂ ಈ ಗುಣಕ್ಕೆ ಸಾಕ್ಷಿ.