ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಚರ್ಚಿನ ಸಭಾಪಾಲಕರೊಬ್ಬರು, ಅಂದರೆ ಪಾದ್ರಿ, ತಮ್ಮ ಪ್ರಸಂಗದ (ಭಾನುವಾರದ ಉಪದೇಶದ) ಬಗ್ಗೆ ಸಲಹೆ ಕೇಳಲು ನನ್ನ ಹತ್ತಿರ ಬಂದಿದ್ದರು. ಈ ಪ್ರಕರಣ ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ. ಊರು ಹೇಳುವುದಿಲ್ಲ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಅವರನ್ನು ಅಯ್ಯನವರು ಎಂದೇ ಕರೆಯುತ್ತೇನೆ. ನಮ್ಮ ಸಭೆಗಳಲ್ಲಿ ಪಾಲಕರನ್ನು ಕರೆಯುವುದೇ ಹಾಗೆ.

ಅವರಿಗೆ ನಲವತ್ತರ ಆಸುಪಾಸು. ಸಭೆ ಉತ್ತರ ಕರ್ನಾಟಕದ ಒಂದು ತಾಲೂಕು ಊರಿನದು, ಬಾಸೆಲ್ ಮಿಷನ್ ಕಾಲದ್ದು. ಬಂದು ಕೂತವರೇ ಕೇಳಿದರು: "ಮೇಡಂ, ಒಂದು ಪ್ರಸಂಗದಲ್ಲಿ ಎಷ್ಟು ಭಾಗ ಉತ್ತೇಜನ ಇರಬೇಕು, ಎಷ್ಟು ಭಾಗ ಗದರಿಕೆ ಇರಬೇಕು? ಅರವತ್ತು-ನಲವತ್ತು ಸರಿಯಾಗುತ್ತದಾ?"

ಸಾರಿಗೆ ಉಪ್ಪು ಎಷ್ಟು, ಖಾರ ಎಷ್ಟು ಎಂದು ಕೇಳಿದ ಹಾಗಿತ್ತು. ನಗು ಬಂತು, ತಡೆದುಕೊಂಡೆ. ಇಂಥ ಲೆಕ್ಕ ಕೇಳುವವರು ಎಲ್ಲೋ ಕೈ ಸುಟ್ಟುಕೊಂಡು ಬಂದಿರುತ್ತಾರೆ.

ನಿಧಾನವಾಗಿ ಕಥೆ ಬಿಚ್ಚಿಕೊಂಡಿತು. ಈ ಸಭೆಗೆ ವರ್ಗವಾಗಿ ಬಂದ ಮೊದಲ ವರ್ಷ ಎಲ್ಲ ಚೆನ್ನಾಗಿತ್ತು. ಎರಡನೆಯ ವರ್ಷ ಪ್ರಸಂಗಕ್ಕೆ ಸಿಟ್ಟು ಹತ್ತಿತು. ತಡವಾಗಿ ಬರುವವರಿಗೆ, ಆರಾಧನೆಯ ನಡುವೆ ಮೊಬೈಲ್ ನೋಡುವವರಿಗೆ, ಕಾಣಿಕೆ ಹಾಕದವರಿಗೆ, ಕುಡಿಯುವವರಿಗೆ ವಾರಕ್ಕೊಂದರಂತೆ ಬೈಗುಳ ಬಿತ್ತು. ಲೆಂಟ್ ದಿನಗಳ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು) ಒಂದು ಭಾನುವಾರ ಕುಡಿತದ ಬಗ್ಗೆ ಮಾತಾಡುತ್ತಾ, ಮನೆಯಲ್ಲಿ ಮಕ್ಕಳನ್ನು ಹದ್ದುಬಸ್ತಿನಲ್ಲಿ ಇಡಲಾಗದವರು ಇಲ್ಲಿ ಬಂದು ಹಾಡು ಹೇಳಿದರೆ ಏನು ಬಂತು ಎಂದುಬಿಟ್ಟರು.

ಆ ದಿನ ಮೂರನೇ ಬೆಂಚಿನಲ್ಲಿ ಒಬ್ಬ ನಿವೃತ್ತ ಶಿಕ್ಷಕಿ ಕೂತಿದ್ದರು. ಗಂಡ ತೀರಿಹೋಗಿ ಬಹಳ ವರ್ಷ. ಕಿರಿಯ ಮಗನಿಗೆ ಕುಡಿತ. ಮುಂದಿನ ವಾರ ಅವರು ಬರಲಿಲ್ಲ, ಅದರ ಮುಂದಿನ ವಾರವೂ ಇಲ್ಲ. ಐದನೇ ವಾರ ಅಯ್ಯನವರು ಮನೆಗೆ ಹೋದರು. ಆಕೆ ನೀರು ಕೊಟ್ಟು, ಕೂರಿಸಿ, ಹೇಳಿದ್ದು ಇಷ್ಟೇ: "ಅಯ್ಯನವರ, ಆ ದಿನ ನನ್ನ ಮಗ ಚರ್ಚಿಗೆ ಬಂದಿದ್ದಿಲ್ಲ. ನಾ ಬಂದಿದ್ದೆ."

ಆಮೇಲೆ ಇಬ್ಬರು ಹಿರಿಯರು ಬಂದು "ಪ್ರಸಂಗದಾಗ ಬೈಗುಳ ಜಾಸ್ತಿ ಆಗೇತ್ರಿ" ಎಂದರು. ಅಯ್ಯನವರು ಹೆದರಿಬಿಟ್ಟರು. ಮುಂದಿನ ಎರಡೂವರೆ ತಿಂಗಳು ಬರೀ ಸಿಹಿ. ದೇವರು ನಿಮ್ಮ ಕೈ ಬಿಡುವುದಿಲ್ಲ, ನಿಮ್ಮ ಕಣ್ಣೀರನ್ನು ಒರೆಸುತ್ತಾನೆ, ಈ ತಿಂಗಳು ನಿಮಗೆ ಬಿಡುಗಡೆ. ಬಾಗಿಲಲ್ಲಿ ಕೈಕುಲುಕುವವರ ಸಾಲು ಉದ್ದವಾಯಿತು.

ಹಾಗಾದರೆ ನನ್ನ ಹತ್ತಿರ ಬಂದದ್ದು ಯಾಕೆ? ಒಬ್ಬರ ಮೆಚ್ಚುಗೆಯಿಂದ. ಸಭಾ ಕಮಿಟಿಯಲ್ಲಿ ತೂಕದ ಮನುಷ್ಯ ಒಬ್ಬರಿದ್ದಾರೆ. ಸಭೆಯವರಿಗೇ ಬಡ್ಡಿಗೆ ಸಾಲ ಕೊಡುತ್ತಾರೆ, ತಿಂಗಳಿಗೆ ನೂರಕ್ಕೆ ಐದು ರೂಪಾಯಿ. ಅವರು ಒಂದು ಭಾನುವಾರ ಅಯ್ಯನವರ ಕೈ ಹಿಡಿದು, "ಈಗ ನೋಡ್ರಿ ಅಯ್ಯನವರ, ಪ್ರಸಂಗ ಅಂದ್ರ ಹಿಂಗಿರಬೇಕು" ಎಂದರಂತೆ. ಆ ರಾತ್ರಿ ಅಯ್ಯನವರಿಗೆ ನಿದ್ದೆ ಬರಲಿಲ್ಲ. ಗಾಯ ವಾಸಿಯಾಗದೆ ಇದ್ದರೂ ಸಮಾಧಾನ, ಸಮಾಧಾನ ಎಂದು ಮೇಲೆ ಮೇಲೆ ಹೇಳುವವರನ್ನು ಬೈಬಲಿನ ಪ್ರವಾದಿ ಯೆರೆಮೀಯ ಬೈಯುತ್ತಾನಲ್ಲ, ಆರನೇ ಅಧ್ಯಾಯದಲ್ಲಿ, ಅದು ತನಗೇ ಹೇಳಿದ್ದು ಅನಿಸಿತಂತೆ.

ಎರಡನೇ ಸಲ ಬರುವಾಗ ಹನ್ನೆರಡು ಪ್ರಸಂಗಗಳ ಟಿಪ್ಪಣಿ ತರಲು ಹೇಳಿದೆ, ಸಿಟ್ಟಿನ ಕಾಲದ್ದು ಆರು, ಸಿಹಿ ಕಾಲದ್ದು ಆರು. ಗದರಿಕೆಯ ಸಾಲಿಗೆ ಕೆಂಪು ಪೆನ್ನು, ಉತ್ತೇಜನದ ಸಾಲಿಗೆ ನೀಲಿ ಎಂದೆ. ಅವರು ಶೇಕಡಾ ಲೆಕ್ಕ ಹಾಕುತ್ತೇವೆ ಅಂದುಕೊಂಡರು. ನಾನು ಹೇಳಿದ್ದು ಬೇರೆ: ಗೆರೆ ಎಳೆದ ಪ್ರತಿ ಸಾಲಿನ ಪಕ್ಕದಲ್ಲಿ, ಅದನ್ನು ಬರೆಯುವಾಗ ಯಾರ ಮುಖ ಕಣ್ಣ ಮುಂದೆ ಇತ್ತು, ಅದನ್ನು ಬರೆಯಿರಿ.

ಒಂದು ಗಂಟೆ ಹಿಡಿಯಿತು. ನಾನು ಚಹಾ ಮಾಡಿಕೊಂಡು ಬಂದೆ. ನೀಲಿ ಸಾಲುಗಳ ಪಕ್ಕ ಹೆಚ್ಚುಕಡಿಮೆ ಖಾಲಿ. ಯಾರ ಮುಖವೂ ಇರಲಿಲ್ಲ. ಗೋಡೆಯ ಕ್ಯಾಲೆಂಡರಿನ ಬೈಬಲ್ ವಚನದ ಹಾಗೆ, ಯಾರ ಮನೆಯಲ್ಲಿ ತೂಗುಹಾಕಿದರೂ ನಡೆಯುವಂಥ ಮಾತು. ಕೆಂಪು ಸಾಲುಗಳ ಪಕ್ಕ ಹಲವು ಕಡೆ "ಆ ದಿನ ಬಾರದವರು" ಎಂದು ಬರೆದಿದ್ದರು. ಉಳಿದ ಕಡೆ ಒಂದೇ ಒಂದು ಅಕ್ಷರ. ಮೊಬೈಲ್ ಬಗ್ಗೆ ಬೈದಲ್ಲಿ, ಕಾಣಿಕೆ ಬಗ್ಗೆ ಬೈದಲ್ಲಿ, ಅದೇ ಅಕ್ಷರ. ಅದು ಬಡ್ಡಿ ಸಾಲದವರ ಹೆಸರಿನ ಮೊದಲ ಅಕ್ಷರ.

"ಅವರಿಗೆ ಬಡ್ಡಿ ವಿಷಯ ಎಂದಾದರೂ ಹೇಳಿದ್ದೀರಾ?"

"ಇಲ್ಲ ಮೇಡಂ. ಪಾಲಕರ ಮನೆಯ ಹೆಂಚು ಸೋರುತ್ತದೆ. ರಿಪೇರಿಗೆ ದುಡ್ಡು ಮಂಜೂರು ಆಗಬೇಕಾದರೆ ಕಮಿಟಿಯಲ್ಲಿ ಅವರು ತಲೆ ಆಡಿಸಬೇಕು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತಾರಲ್ಲ, ಅದೇ ಆಗಿತ್ತು. ಒಬ್ಬರ ಎದುರು ಬಾಯಿ ಬಿಡಲಾಗದ್ದು ನೂರಾರು ಜನರ ಮೇಲೆ ಹೊರಬಂದಿತ್ತು. ಪೀಠದ ಮೇಲೆ ನಿಂತು ಗುಡುಗುವುದನ್ನು ಧೈರ್ಯ ಎಂದು ನಾವು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಅದು ಅಂಜಿಕೆಯ ಇನ್ನೊಂದು ಮುಖ. ಅಲ್ಲಿ ಎದುರುತ್ತರ ಕೊಡುವವರು ಯಾರೂ ಇರುವುದಿಲ್ಲ ನೋಡಿ. ಇನ್ನೊಂದು ವಿಷಯ, ಇದನ್ನು ನಾನು ಬೆಂಚಿನಲ್ಲಿ ಕೂತು ಕೇಳಿದ ಅನುಭವದಿಂದ ಹೇಳುತ್ತೇನೆ: ಎಲ್ಲರಿಗೂ ಎಂದು ಎಸೆದ ಗದರಿಕೆಯನ್ನು ಎತ್ತಿಕೊಳ್ಳುವವರು ಮೆತ್ತನೆಯ ಮನಸ್ಸಿನವರು. ದಪ್ಪ ಚರ್ಮದವರು ಅದನ್ನು ಪಕ್ಕದವರ ಕಡೆ ದಾಟಿಸಿ ಆರಾಮಾಗಿ ಕೂರುತ್ತಾರೆ.

ಬೈಬಲಿನಲ್ಲಿ ಅಪೊಸ್ತಲ ಪೌಲನು ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದ ಐದನೇ ಅಧ್ಯಾಯ ತೆಗೆಯಲು ಹೇಳಿದೆ, ಹದಿನಾಲ್ಕನೇ ವಚನ. ಅಂಕೆ ಮೀರಿ ನಡೆಯುವವರಿಗೆ ಬುದ್ಧಿ ಹೇಳಿ, ಮನಗುಂದಿದವರಿಗೆ ಧೈರ್ಯ ಹೇಳಿ, ಬಲ ಇಲ್ಲದವರಿಗೆ ಆಸರೆ ಕೊಡಿ, ಎಲ್ಲರ ಜೊತೆ ತಾಳ್ಮೆಯಿಂದ ಇರಿ ಎನ್ನುವ ಮಾತು. ಮೂರು ಬಗೆಯ ಜನ, ಮೂರು ಕೆಲಸ. ಎಲ್ಲರಿಗೂ ಸಮನಾಗಿ ಹಂಚುವುದು ತಾಳ್ಮೆ ಒಂದೇ. ಅಯ್ಯನವರು ಇದೇ ವಚನದ ಮೇಲೆ ಎರಡು ಸಲ ಪ್ರಸಂಗ ಮಾಡಿದ್ದರಂತೆ. "ಮೂರನ್ನೂ ಎಲ್ಲರಿಗೂ ಹೇಳಿದ್ದೆ" ಎಂದು ತಾವೇ ನಕ್ಕರು. ಹೊಸ ಒಡಂಬಡಿಕೆಯ ಗ್ರೀಕ್‌ನಲ್ಲಿ ಪರಕಲೆಯೋ ಎಂಬ ಒಂದೇ ಕ್ರಿಯಾಪದ ಬುದ್ಧಿ ಹೇಳುವುದಕ್ಕೂ ಬರುತ್ತದೆ, ಸಂತೈಸುವುದಕ್ಕೂ ಬರುತ್ತದೆ ಎಂದು ಆಮೇಲೆ ಅವರೇ ನನಗೆ ತಿಳಿಸಿದರು. ಸೆಮಿನರಿಯಲ್ಲಿ ಪರೀಕ್ಷೆಗೆ ಓದಿದ್ದಂತೆ.

ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯಲ್ಲಿ ಏಳು ಊರುಗಳ ಸಭೆಗಳಿಗೆ ಯೇಸು ಹೇಳಿ ಬರೆಸಿದ ಪತ್ರಗಳನ್ನೂ ಓದಿದೆವು. ಬಡತನ, ಹಿಂಸೆಯಲ್ಲಿದ್ದ ಸ್ಮುರ್ನದವರಿಗೆ ಒಂದೂ ಗದರಿಕೆ ಇಲ್ಲ. ಫಿಲದೆಲ್ಫಿಯದವರಿಗೂ ಇಲ್ಲ. ಐಶ್ವರ್ಯವಂತರು ಅಂದುಕೊಂಡಿದ್ದ ಲವೊದಿಕೀಯದವರಿಗೆ ಒಂದೂ ಹೊಗಳಿಕೆ ಇಲ್ಲ. ಎಫೆಸದವರಿಗೆ ಎರಡೂ ಇದೆ. ಅರವತ್ತು-ನಲವತ್ತು ಎಲ್ಲಿದೆ ಇಲ್ಲಿ? ತಮಾಷೆ ಏನೆಂದರೆ, ಯೇಸು ಬಾಗಿಲ ಬಳಿ ನಿಂತು ತಟ್ಟುವ ಚಿತ್ರ ನಮ್ಮ ಎಷ್ಟೋ ಮನೆಗಳ ಹಾಲಿನಲ್ಲಿದೆ, ಅಯ್ಯನವರ ಮನೆಯಲ್ಲೂ ಇದೆ. ಆ ಮಾತು ಬರುವುದು ಲವೊದಿಕೀಯದ ಪತ್ರದಲ್ಲೇ. ಪ್ರೀತಿಸುವವರನ್ನೇ ಗದರಿಸುತ್ತೇನೆ ಎಂದ ಮರು ವಚನದಲ್ಲೇ ಆತ ಅವರ ಬಾಗಿಲಿಗೆ ಬಂದು ನಿಂತಿದ್ದಾನೆ.

ಇಲ್ಲಿಂದ ಮುಂದೆ ನಾನು ಕೊಟ್ಟ ಸಲಹೆ.

ಮೊದಲು ಶಿಕ್ಷಕಿಯ ವಿಷಯ. ಅಯ್ಯನವರು ಮುಂದಿನ ಭಾನುವಾರ ಎಲ್ಲರ ಎದುರು ಕ್ಷಮೆ ಕೇಳುತ್ತೇನೆ ಎಂದು ಹೊರಟಿದ್ದರು. ಬೇಡ ಎಂದೆ. ಆಕೆಯ ಮನೆಯ ನೋವನ್ನು ಎರಡನೇ ಸಲ ಪೀಠಕ್ಕೆ ತಂದ ಹಾಗಾಗುತ್ತದೆ. ಮನೆಗೆ ಹೋಗಿ ಕೇಳಿ. "ನಿಮಗೆ ಬೇಜಾರಾಗಿದ್ದರೆ" ಎಂದು ಶುರು ಮಾಡಬೇಡಿ. ಬೇಜಾರಾಗಿದೆ, ಅದರಲ್ಲಿ ಆದರೆ-ಗೀದರೆ ಏನೂ ಇಲ್ಲ. ನಾನು ಹೇಳಿದ್ದು ತಪ್ಪು ಅನ್ನಿ, ಸುಮ್ನೆ ಕೂತುಕೊಳ್ಳಿ. ಮರಳಿ ಚರ್ಚಿಗೆ ಬನ್ನಿ ಎಂದು ಆ ದಿನ ಕರೆಯಬೇಡಿ. ಮಗನ ಕುಡಿತ ಬಿಡಿಸುವುದಕ್ಕೆ ಸಹಾಯ ಬೇಕಾ ಎಂದು ಕೇಳಿ.

ಎರಡನೆಯದು ಬಡ್ಡಿಯವರು. ತಪ್ಪು ಮಾಡಿದವರನ್ನು ತಿದ್ದುವುದಕ್ಕೆ ಮತ್ತಾಯನ ಸುವಾರ್ತೆಯ ಹದಿನೆಂಟನೇ ಅಧ್ಯಾಯದ ಕ್ರಮ ಸ್ಪಷ್ಟವಾಗಿದೆ, ಮೊದಲು ಒಬ್ಬರೇ ಹೋಗಿ ಮಾತಾಡಬೇಕು. (ಹೊಡೆತ, ಮಕ್ಕಳ ಮೇಲಿನ ದೌರ್ಜನ್ಯದಂಥ ವಿಷಯಕ್ಕೆ ಈ ಕ್ರಮ ಹಿಡಿಯಬೇಡಿ. ಅಲ್ಲಿ ಮೊದಲು ಪೆಟ್ಟು ತಿಂದವರ ರಕ್ಷಣೆ, ಪೊಲೀಸರ ನೆರವು.) ಅವರ ಮನೆಗೆ ಹೋಗುವ ತನಕ ಹಣದ ಬಗ್ಗೆ ಪೀಠದಲ್ಲಿ ಒಂದು ಮಾತೂ ಬೇಡ ಎಂದೆ. ನನ್ನ ಕೋಣೆಯಲ್ಲೇ ಅಭ್ಯಾಸ ಮಾಡಿದೆವು, ನಾನು ಬಡ್ಡಿಯವರಾದೆ. ಅಯ್ಯನವರು ಹತ್ತು ನಿಮಿಷ ಮಳೆ, ಬೆಳೆ, ಕಡಲೆ ರೇಟು ಮಾತಾಡಿ, ಪ್ರಾರ್ಥನೆ ಮಾಡಿ ಎದ್ದುಬಿಟ್ಟರು. ಮೂರನೇ ಸಲಕ್ಕೆ ಬಾಯಿಗೆ ಬಂತು.

ಓದಿಕೊಂಡು ಹೋಗಲು ಹಳೆ ಒಡಂಬಡಿಕೆಯ ನೆಹೆಮೀಯನ ಪುಸ್ತಕದ ಐದನೇ ಅಧ್ಯಾಯ ಕೊಟ್ಟೆ. ನೆಹೆಮೀಯ ಯೆಹೂದ್ಯರ ದೇಶಾಧಿಪತಿ. ಹೊಲ ಒತ್ತೆ ಇಟ್ಟ ಬಡವರ ಕೂಗು ಕೇಳಿ ನೆಹೆಮೀಯನಿಗೆ ತುಂಬ ಸಿಟ್ಟು ಬರುತ್ತದೆ. ಆದರೆ ಅವನು ಮೊದಲು ತನ್ನಲ್ಲೇ ಯೋಚನೆ ಮಾಡುತ್ತಾನೆ. ಆಮೇಲೆ ಸಾಲ ಕೊಟ್ಟ ಶ್ರೀಮಂತರು, ಅಧಿಕಾರಿಗಳ ಮೇಲೇ ತಪ್ಪು ಹೊರಿಸುತ್ತಾನೆ, ಸಾಲ ಪಡೆದವರ ಮೇಲಲ್ಲ. ತಾನೂ ತನ್ನವರೂ ಸಾಲ ಕೊಟ್ಟಿದ್ದೇವೆ ಎಂದು ಒಪ್ಪಿಕೊಂಡು, ಈ ಬಡ್ಡಿ ಬಿಟ್ಟುಬಿಡೋಣ ಎನ್ನುತ್ತಾನೆ. ಬಿಡಿ ಎನ್ನುವುದಿಲ್ಲ, ಬಿಡೋಣ ಎನ್ನುತ್ತಾನೆ. ಅಯ್ಯನವರ ಟಿಪ್ಪಣಿಯಲ್ಲಿ ಗದರಿಕೆಗೆಲ್ಲ "ನೀವು" ಇತ್ತು, ಆಶೀರ್ವಾದಕ್ಕೆಲ್ಲ "ನಾವು" ಇತ್ತು. (ನೆಹೆಮೀಯನ ಕಾಲದ ಆ ಬಡ್ಡಿ ನೂರಕ್ಕೆ ಒಂದು. ನಮ್ಮಲ್ಲಿ ಐದು.)

ಅರವತ್ತು-ನಲವತ್ತು ಲೆಕ್ಕ ಯಾಕೆ ನಿಲ್ಲುವುದಿಲ್ಲ ಎಂಬುದೂ ಅದೇ ಅಧ್ಯಾಯದಲ್ಲಿದೆ. ನೆಹೆಮೀಯ ಆಡಿದ ಆ ಮಾತು ಗದರಿಕೆಯಾ, ಸಮಾಧಾನವಾ? ಶ್ರೀಮಂತರಿಗೆ ಗದರಿಕೆ. ಹೊಲ ಕಳೆದುಕೊಂಡವನಿಗೆ ಅದಕ್ಕಿಂತ ದೊಡ್ಡ ಸಮಾಧಾನ ಇನ್ನೊಂದಿಲ್ಲ. ಪೀಠದಲ್ಲಿ ಬರೀ ಒಳ್ಳೆಯದನ್ನೇ ಆಡಬೇಕು ಎನ್ನುವವರನ್ನು ನಾನು ಒಪ್ಪದೆ ಇರುವುದು ಇದಕ್ಕೇ. ಹೆಂಡತಿಗೆ ಹೊಡೆಯುವುದು ಪಾಪ ಎಂದು ವರ್ಷವಿಡೀ ಒಂದು ಸಲವೂ ಹೇಳದ ಚರ್ಚಿನಲ್ಲಿ, ಪೆಟ್ಟು ತಿಂದು ಬಂದು ಕೂತವಳಿಗೆ ಏನು ಕೇಳಿಸುತ್ತದೆ? ದೇವರಿಗೂ ಇದು ನಡೆಯುತ್ತದೆ ಎಂದೇ ಅಲ್ವಾ?

ಹಾಗಾದರೆ ಎಲ್ಲರ ಎದುರು ಯಾವುದನ್ನು ಎಚ್ಚರಿಸಬಹುದು ಎಂದು ಕೇಳಿದರು. ಇದಕ್ಕೆ ನಾಲ್ಕನೇ ಶತಮಾನದ ಹೆಸರಾಂತ ಪ್ರಸಂಗಿ ಯೋಹಾನ ಕ್ರಿಸೊಸ್ತೊಮನ ಉದಾಹರಣೆ ಕೊಟ್ಟೆ. 387ರಲ್ಲಿ ಅಂತಿಯೋಕ್ಯ ಎಂಬ ನಗರದ ಜನ ತೆರಿಗೆಯ ಸಿಟ್ಟಿಗೆ ರೋಮನ್ ಚಕ್ರವರ್ತಿ ಥಿಯೊಡೋಸಿಯಸನ ಮತ್ತು ಅವನ ಮನೆಯವರ ಪ್ರತಿಮೆಗಳನ್ನು ಕೆಡವಿದರು. ಇನ್ನು ಊರಿಗೆ ಊರೇ ಉಳಿಯುವುದಿಲ್ಲ ಎಂದು ನಡುಗುತ್ತಾ ಕೂತರು. ಬಿಷಪ್ ಫ್ಲಾವಿಯನ್ ಕ್ಷಮೆ ಬೇಡಲು ಕಾನ್ಸ್‌ಟಾಂಟಿನೋಪಲ್‌ಗೆ ಹೊರಟರು. ಇತ್ತ ಪಾದ್ರಿ ಕ್ರಿಸೊಸ್ತೊಮ್ ಲೆಂಟ್ ದಿನಗಳಲ್ಲಿ ಜನರಿಗೆ ಧೈರ್ಯ ಹೇಳುತ್ತಾ ಹೋದರು. ಅದರ ಜೊತೆಗೆ, ಮಾತುಮಾತಿಗೆ ಆಣೆ ಇಡುವುದನ್ನು ಬಿಡಿ ಎಂದು ಮತ್ತೆ ಮತ್ತೆ ಎಚ್ಚರಿಸಿದರು. ಸಾವಿನ ಭಯದಲ್ಲಿದ್ದವರಿಗೆ ಆಣೆಯ ಮಾತೇ ಎನಿಸಬಹುದು. ನೋಡಿ, ಅದು ಬಡವ ಬಲ್ಲಿದ ಎನ್ನದೆ ಅಲ್ಲಿ ಕೂತವರ ಬಾಯಲ್ಲಿದ್ದ ತಪ್ಪು. ಮನೆಗೆ ಹೋಗುವ ದಾರಿಯಲ್ಲೇ ಬಿಡಲು ಶುರು ಮಾಡಬಹುದಾದ ತಪ್ಪು. ಚಕ್ರವರ್ತಿಯ ಮನಸ್ಸು ಅವರ ಕೈಯಲ್ಲಿರಲಿಲ್ಲ, ನಾಲಿಗೆ ಇತ್ತು. ಮಾಡಬಹುದಾದ ಒಂದು ಕೆಲಸ ಸಿಕ್ಕರೆ ಹೆದರಿದವರಿಗೂ ಕಾಲು ಊರಲು ಜಾಗ ಸಿಗುತ್ತದೆ. ಸೋಮವಾರ ಏನು ಮಾಡಬೇಕು ಎಂದು ಹೇಳಲಾಗದ ಗದರಿಕೆಯನ್ನು ಟಿಪ್ಪಣಿಯಿಂದ ಹೊಡೆದುಹಾಕಿ ಎಂದೆ. ಶನಿವಾರ ರಾತ್ರಿ ಸಿಟ್ಟಿನಲ್ಲಿ ಸೇರಿಸಿದ ಸಾಲನ್ನೂ.

ಉತ್ತೇಜನಕ್ಕೂ ಮುಖ ಬೇಕು. ಮಂಗಳವಾರ, ಬುಧವಾರ ನಾಲ್ಕು ಮನೆಗೆ ಹೋಗಿ ಬನ್ನಿ, ಆಮೇಲೆ ಪ್ರಸಂಗ ಬರೆಯಿರಿ. ಹೆಸರು ಹೇಳುವುದು ಬೇಡ, ನಿಮಗೆ ಗೊತ್ತಿದ್ದರೆ ಸಾಕು. ಮತ್ತೆ, ಎಲ್ಲವನ್ನೂ ಇಪ್ಪತ್ತೈದು ನಿಮಿಷದಲ್ಲಿ ನೀವೇ ಹೊರಬೇಕಾಗಿಲ್ಲ. ಆರಾಧನೆಯ ಕ್ರಮದಲ್ಲಿ ಪಾಪದ ಅರಿಕೆ ಇದೆ, ಅದರ ಹಿಂದೆಯೇ ಕ್ಷಮೆಯ ಮಾತು ಇದೆ. ಅದನ್ನು ಓಡಿಸಿಕೊಂಡು ಓದಬೇಡಿ. ಅರಿಕೆಗೂ ಕ್ಷಮೆಗೂ ನಡುವೆ ಉಸಿರಾಡುವಷ್ಟು ಜಾಗ ಬಿಡಿ.

ಹೆಂಡತಿಯ ಜೊತೆ ಕೂತು, ಬಡ್ಡಿಯವರು ಸಿಟ್ಟಾದರೆ ಏನೇನು ಕೈತಪ್ಪಬಹುದು ಎಂದು ಮೊದಲೇ ಮಾತಾಡಿಕೊಳ್ಳಿ ಎಂದೂ ಹೇಳಿದ್ದೆ. ಆಕೆ ಕೇಳಿ, "ಹೆಂಚು ಹೆಂಗೂ ಸೋರಾಕತ್ತೇತಲ್ಲ" ಎಂದರಂತೆ.

ಅಯ್ಯನವರು ಹೋಗಿ ಬಂದರು. ಬಡ್ಡಿಯವರು ಪೂರ್ತಿ ಕೇಳಿಸಿಕೊಂಡರು, ಚಹಾ ತರಿಸಿದರು. "ವ್ಯವಹಾರ ಬ್ಯಾರೆ, ದೇವರ ಕೆಲಸ ಬ್ಯಾರೆ ಅಯ್ಯನವರ" ಎಂದರು. ಬಡ್ಡಿ ಇಳಿದಿಲ್ಲ. ಅವರು ಚರ್ಚಿಗೆ ಬರುವುದನ್ನು ಬಿಟ್ಟಿಲ್ಲ, ಬಾಗಿಲಲ್ಲಿ ಕೈಕುಲುಕುವುದನ್ನು ಮಾತ್ರ ಬಿಟ್ಟಿದ್ದಾರೆ. ಎರಡನೇ ಸಲ ಹೋಗುವಾಗ ಒಬ್ಬ ಹಿರಿಯರನ್ನು ಜೊತೆಗೆ ಕರೆದುಕೊಂಡು ಹೋಗಲು ಮಾತಾಡಿಕೊಂಡಿದ್ದೇವೆ.

ಶಿಕ್ಷಕಿ ಸುಗ್ಗಿ ಹಬ್ಬದ ದಿನ ಒಂದು ಚೀಲ ಜೋಳ ತಂದು ಕಾಣಿಕೆ ಇಟ್ಟರು. ಮೂರನೇ ಬೆಂಚಿಗೆ ಹೋಗಲಿಲ್ಲ, ಬಾಗಿಲ ಹತ್ತಿರ ಕೂತರು. ಹೆಂಚಿನ ರಿಪೇರಿ ಕಮಿಟಿಯಲ್ಲಿ ಮುಂದಕ್ಕೆ ಹೋಗಿದೆ. ಈ ಮಳೆಗಾಲಕ್ಕೆ ತಾಡಪತ್ರಿ ಹೊದಿಸಿದ್ದಾರಂತೆ.