ಮರಳುಗಾಡಿನ ಮೇಲೆ ಕಾರ್ಮೋಡ: ಕಣ್ಣಿಗೆ ಕಂಡದ್ದು ಫೋಟೊದಲ್ಲಿ ಯಾಕೆ ಬರಲಿಲ್ಲ?

ಪ್ರಶ್ನೆ: ಮರಳುಗಾಡಿಗೆ ಹೋಗಿದ್ದಾಗ ಒಂದು ಸಂಜೆ ಆಕಾಶವೆಲ್ಲ ಕಪ್ಪಾಗಿ ಗುಡುಗು ಶುರುವಾಯಿತು. ಮೈ ಜುಮ್ಮೆನ್ನುವ ನೋಟ. ಆದರೆ ಫೋಟೊದಲ್ಲಿ ಆಕಾಶ ಬೆಳ್ಳಗೆ ಬಂದಿದೆ, ಮರಳು ಬೂದಿ ಬಣ್ಣ. ಎಡಿಟ್ ಮಾಡುವಾಗ ಮಂಕು ತೆಗೆಯುವ ಡೀಹೇಜ್ ಸ್ಲೈಡರ್ ಜಾಸ್ತಿ ಮಾಡಿದೆ. ಮೋಡ ಎದ್ದು ಬಂತು, ಆದರೆ ದಿಬ್ಬದ ಅಂಚಿನುದ್ದಕ್ಕೂ ಬಿಳಿ ಗೆರೆ ಮೂಡಿತು, ಆಕಾಶ ಕೊಳೆ ಹಿಡಿದಂತೆ ಕಾಣುತ್ತಿದೆ. ಎಲ್ಲಿ ತಪ್ಪಿದೆ?

ಉತ್ತರ: ಆ ಹೊತ್ತಿಗೆ ಸೂರ್ಯ ಎಲ್ಲಿದ್ದ, ನೆನಪಿದೆಯೇ? ನೀವು ಹೇಳಿದ್ದು ನೋಡಿದರೆ ಮೋಡದ ಹಿಂದೆ ಪೂರ್ತಿ ಮುಚ್ಚಿಹೋಗಿದ್ದ ಅನ್ನಿಸುತ್ತದೆ. ತೊಂದರೆಯ ಬೇರು ಅಲ್ಲೇ ಇದೆ.

ಮರಳ ದಿಬ್ಬಕ್ಕೆ ಆಕಾರ ಕೊಡುವುದು ನೆರಳು. ಒಂದು ಮಗ್ಗುಲಿಗೆ ಬಿಸಿಲು, ಇನ್ನೊಂದು ಮಗ್ಗುಲಿಗೆ ನೆರಳು, ನಡುವೆ ಚೂಪಾದ ಅಂಚು. ಮೋಡ ಪೂರ್ತಿ ಕವಿದರೆ ಬೆಳಕು ಎಲ್ಲ ಕಡೆಯಿಂದ ಸಮನಾಗಿ ಬೀಳುತ್ತದೆ. ನೆರಳಿಲ್ಲ, ದಿಬ್ಬ ಚಪ್ಪಟೆ. ಇನ್ನೊಂದು ವಿಷಯ ಇದೆ. ಆಗ ಮೋಡ ಎಷ್ಟೇ ಕಪ್ಪಾಗಿ ಕಂಡರೂ ಸಾಮಾನ್ಯವಾಗಿ ನೆಲಕ್ಕಿಂತ ಅದೇ ಬೆಳ್ಳಗಿರುತ್ತದೆ. ನೆಲಕ್ಕೆ ಬೀಳುವ ಬೆಳಕೆಲ್ಲ ಆ ಮೋಡದಿಂದಲೇ ತಾನೆ ಇಳಿದು ಬರಬೇಕು? ಕ್ಯಾಮೆರಾ ಮರಳಿಗೆ ಹೊಂದುವಂತೆ ಎಕ್ಸ್‌ಪೋಷರ್ (ಒಳಗೆ ಬಿಡುವ ಬೆಳಕಿನ ಪ್ರಮಾಣ) ಹಾಕಿದರೆ ಆಕಾಶ ಬೆಳ್ಳಗಾಗಿ ಹೋಗುತ್ತದೆ.

ನೀವು ಕಾಯಬೇಕಾದದ್ದು ಇದಕ್ಕೆ ಉಲ್ಟಾ ಇರುವ ಹೊತ್ತಿಗೆ. ಮಳೆ ಬರುವ ಮುಂಚೆಯೋ, ಬಂದು ಹೋದ ಮೇಲೋ, ಮೋಡದ ಅಂಚಿನ ಕೆಳಗಿನಿಂದ ಸೂರ್ಯ ಇಣುಕುತ್ತಾನೆ. ಇಳಿಬಿಸಿಲು ಮರಳಿಗೆ ಅಡ್ಡಡ್ಡ ಬೀಳುತ್ತದೆ. ಹಿಂದೆ ಮೋಡ ಕಪ್ಪಗೇ ಇರುತ್ತದೆ. ಈಗ ನೆಲವೇ ಆಕಾಶಕ್ಕಿಂತ ಬೆಳ್ಳಗೆ! ಕೆಲವೇ ನಿಮಿಷದ ಆಟ ಇದು. ಸಂಜೆ ಸೂರ್ಯ ಪಶ್ಚಿಮದಲ್ಲಿ ಇರುತ್ತಾನೆ, ಹಾಗಾಗಿ ಮೋಡ ಪೂರ್ವದಲ್ಲಿರಬೇಕು, ನೀವು ಎರಡರ ನಡುವೆ ನಿಂತಿರಬೇಕು. ಮಳೆಬಿಲ್ಲು ಮೂಡುವುದೂ ಆ ಕಡೆಗೇ. ನೆಲದ ಮೇಲೆ ನಿಂತವರಿಗೆ ಅದು ಕಾಣಬೇಕಾದರೆ ಸೂರ್ಯ 42 ಡಿಗ್ರಿಗಿಂತ ಕೆಳಗಿರಬೇಕು.

ಮರಳುಗಾಡಿನಲ್ಲಿ ಒಂದು ದೊಡ್ಡ ಅನುಕೂಲ ಉಂಟು. ನೋಟಕ್ಕೆ ಅಡ್ಡ ಏನೂ ಇಲ್ಲ, ಮಳೆಯನ್ನು ತುಂಬಾ ದೂರದಿಂದಲೇ ಪೂರ್ತಿಯಾಗಿ ನೋಡಬಹುದು. ಎಷ್ಟೋ ಸಲ ಆ ಮಳೆ ನೆಲ ಮುಟ್ಟುವುದೇ ಇಲ್ಲ. ಕೆಳಗಿನ ಒಣ ಗಾಳಿಯಲ್ಲಿ ಹನಿಗಳು ದಾರಿಯಲ್ಲೇ ಆವಿಯಾಗುತ್ತವೆ. ಮೋಡದಿಂದ ಬೂದು ಪರದೆ ಇಳಿಬಿಟ್ಟು, ಅದರ ಕೆಳ ಅಂಚು ಹರಿದುಹೋದ ಹಾಗೆ ಕಾಣುತ್ತದೆ. ಇದಕ್ಕೆ ವಿರ್ಗಾ ಅನ್ನುತ್ತಾರೆ. ಅಮೆರಿಕ ಮತ್ತು ಮೆಕ್ಸಿಕೊದಲ್ಲಿ ಹರಡಿರುವ ಸೊನೋರಾ ಮರಳುಗಾಡಿನಲ್ಲಿ ಜೂನ್ ನಡುವಿನಿಂದ ಸೆಪ್ಟೆಂಬರ್ ಕೊನೆಯವರೆಗಿನ ಮಳೆಗಾಲದಲ್ಲಿ ಇಂಥ ನೋಟ ಸಿಗುತ್ತದೆ. ಎಲ್ಲರೂ ವೈಡ್ ಲೆನ್ಸ್ ಹಾಕಿಕೊಂಡು ನಿಂತಿರುತ್ತಾರೆ. ನನಗಂತೂ ಇಲ್ಲಿ ದೂರದ್ದನ್ನು ಹತ್ತಿರ ತರುವ 70-200 ಎಂಎಂ ಜೂಮ್ ಲೆನ್ಸೇ ಇಷ್ಟ. ವೈಡ್‌ನಲ್ಲಿ ಆ ಪರದೆ ಬೆರಳುದ್ದ ಆಗಿಬಿಡುತ್ತದೆ.

ಎಕ್ಸ್‌ಪೋಷರ್‌ಗೆ ಬಂದರೆ, ಚಿತ್ರದಲ್ಲಿ ಅತಿ ಬೆಳ್ಳಗಿರುವ ಜಾಗವನ್ನು ಉಳಿಸಿಕೊಳ್ಳಿ. ಹಿಸ್ಟೋಗ್ರಾಮ್, ಅಂದರೆ ಎಡಕ್ಕೆ ಕಪ್ಪಿನಿಂದ ಬಲಕ್ಕೆ ಬಿಳಿಯವರೆಗೆ ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ, ಬಲ ಗೋಡೆಗೆ ಒತ್ತಿಕೊಳ್ಳಬಾರದು. ರಾ ಫೈಲ್‌ನಲ್ಲೇ ತೆಗೆಯಿರಿ, ಅಂದರೆ ಸೆನ್ಸರ್ ಹಿಡಿದ ಮಾಹಿತಿಯನ್ನು ಹಾಗೇ ಇಡುವ ಫೈಲ್‌ನಲ್ಲಿ. ಪ್ರತಿ ಬಣ್ಣಕ್ಕೆ ಜೆಪೆಗ್‌ನಲ್ಲಿ 256 ಮಟ್ಟಗಳಿದ್ದರೆ 14 ಬಿಟ್ ರಾ ಫೈಲ್‌ನಲ್ಲಿ 16,384 ಇರುತ್ತವೆ. ಮೋಡದೊಳಗಿನ ಸಣ್ಣ ಸಣ್ಣ ಬೂದು ಛಾಯೆಗಳು ಉಳಿಯುವುದು ಇದರಲ್ಲಿ. ನ್ಯೂ ಮೆಕ್ಸಿಕೊದ ವೈಟ್ ಸ್ಯಾಂಡ್ಸ್‌ನಂಥ ಕಡೆ ಲೆಕ್ಕ ಬದಲಾಗುತ್ತದೆ. ಅಲ್ಲಿಯ ಮರಳು ಜಿಪ್ಸಮ್, ಬೆಳ್ಳಗೆ ಸಕ್ಕರೆ ಸುರಿದ ಹಾಗಿರುತ್ತದೆ. ಬೆಳ್ಳಗಿನ ಮರಳೇ ಚಿತ್ರ ತುಂಬಿದ್ದರೆ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಅದನ್ನು ಬೂದಿ ಮಾಡುತ್ತದೆ. ಎಕ್ಸ್‌ಪೋಷರ್ ಒಂದು ಸ್ಟಾಪ್ ಹೆಚ್ಚಿಸಿ, ಅಂದರೆ ಬೆಳಕು ಎರಡು ಪಟ್ಟು ಮಾಡಿ, ಹಿಸ್ಟೋಗ್ರಾಮ್ ನೋಡಿಕೊಳ್ಳಿ.

ಇನ್ನು ಎಡಿಟಿಂಗ್. ಮೊದಲು ವೈಟ್ ಬ್ಯಾಲೆನ್ಸ್‌ನ (ಬಣ್ಣ ಹಳದಿಗೋ ನೀಲಿಗೋ ವಾಲದಂತೆ ಹೊಂದಿಸುವ ಸೆಟ್ಟಿಂಗ್) ಆಟೋ ಬಿಟ್ಟುಬಿಡಿ. ಬಿಸಿಲಿನ ಮರಳು ಕೆಂಪು ಹಳದಿ, ಮೋಡ ನೀಲಿ ಬೂದು. ಆ ಎರಡರ ಜಗಳವೇ ಚಿತ್ರದ ಜೀವ. ಆಟೋ ಎಷ್ಟೋ ಸಲ ಅದನ್ನು ಸಪ್ಪೆ ಮಾಡುತ್ತದೆ. 5500 ಕೆಲ್ವಿನ್ ಹತ್ತಿರ ಇಟ್ಟು ಶುರುಮಾಡಿ.

ಡೀಹೇಜ್ ಅನ್ನು ಇಡೀ ಚಿತ್ರಕ್ಕೆ ಹಾಕಿದ್ದೇ ನಿಮ್ಮ ಬಿಳಿ ಗೆರೆಗೆ ಕಾರಣ. ಅದು ಸುತ್ತಮುತ್ತಲಿನ ಕಪ್ಪು ಬಿಳುಪನ್ನು ಹೋಲಿಸಿ ವ್ಯತ್ಯಾಸ ಹೆಚ್ಚಿಸುತ್ತದೆ. ಕಪ್ಪು ದಿಬ್ಬ, ಬಿಳಿ ಆಕಾಶ ಕೂಡುವ ಕಡೆ ಅದಕ್ಕೆ ದಾರಿ ತಪ್ಪುತ್ತದೆ. ಜೊತೆಗೆ ಅಡಗಿದ್ದ ನಾಯ್ಸ್ (ಕಾಳು ಕಾಳಾದ ಚುಕ್ಕೆಗಳು) ಕೂಡ ಮೇಲೆ ಬರುತ್ತದೆ, ಆ ಕೊಳೆ ಅದೇ. ಆಕಾಶಕ್ಕೆ ಬೇರೆ ಮಾಸ್ಕ್ ಮಾಡಿ, ಆಗ ಬದಲಾವಣೆ ಆಕಾಶಕ್ಕೆ ಮಾತ್ರ ತಾಗುತ್ತದೆ. ಮೊದಲು ಹೈಲೈಟ್ಸ್ (ಅತಿ ಬೆಳ್ಳಗಿನ ಭಾಗಗಳು) ಇಳಿಸಿ, ಆಮೇಲೆ ಎಕ್ಸ್‌ಪೋಷರ್ ಸ್ವಲ್ಪ ಕಡಿಮೆ ಮಾಡಿ, ಕೊನೆಗೆ ಡೀಹೇಜ್ 10ರಿಂದ 15. ಚಿತ್ರವನ್ನು 100 ಪರ್ಸೆಂಟ್‌ಗೆ ದೊಡ್ಡದು ಮಾಡಿ ದಿಬ್ಬದ ಅಂಚಿನ ಮೇಲೆ ಎಡದಿಂದ ಬಲಕ್ಕೆ ನಿಧಾನವಾಗಿ ಹೋಗಿ. ಗೆರೆ ಕಂಡ ಕಡೆ ಮೆತ್ತನೆ ಬ್ರಷ್‌ನಿಂದ ಮಾಸ್ಕ್ ಅಳಿಸಿ.

ದಿಗಂತದ ಮಂಕನ್ನು ಮಾತ್ರ ಪೂರ್ತಿ ಒರೆಸಿಹಾಕಬೇಡಿ. ಅದು ಗಾಳಿಗೆ ಎದ್ದ ದೂಳು, ದೂರದ ಮಳೆ. ಹತ್ತು ಮೈಲಿ ಆಚೆಯ ಬೆಟ್ಟ ಹತ್ತು ಮೈಲಿ ಆಚೆಗಿದೆ ಅಂತ ತೋರಿಸುವುದೇ ಆ ಮಂಕು. ಎಡಿಟ್ ಮಾಡುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಅಲ್ಲಿ ನಿಂತಾಗ ಯಾವುದು ಬೆಳ್ಳಗಿತ್ತು, ಮರಳೋ, ಮೋಡವೋ? ಆ ಸಂಬಂಧ ತಲೆಕೆಳಗಾದರೆ ಚಿತ್ರ ಸುಳ್ಳು ಅನ್ನಿಸಲು ಶುರುವಾಗುತ್ತದೆ.

ಬೆಳಕು ಕೈಕೊಟ್ಟ ದಿನ ಕ್ಯಾಮೆರಾ ಕೆಳಗೆ ತಿರುಗಿಸಿ. ಒಮ್ಮೆ ನನಗೆ ಸಿಕ್ಕಿದ್ದು ಇಷ್ಟೇ: ಒಣ ಮರಳಿನ ಮೇಲೆ ಮೊದಲ ಹನಿಗಳು ಬಿದ್ದು, ಒಂದೊಂದಕ್ಕೂ ಒಂದು ಪುಟ್ಟ ಗುಂಡಿ, ಗುಂಡಿಯ ತಳ ಕಪ್ಪು, ಸುತ್ತ ಎದ್ದು ನಿಂತ ಒಣ ಮರಳಿನ ಬಳೆ. ಎರಡು ನಿಮಿಷದಲ್ಲಿ ಎಲ್ಲ ಒದ್ದೆಯಾಗಿ ಒಂದೇ ಬಣ್ಣ ಆಯಿತು. ಆ ಪ್ರವಾಸದಲ್ಲಿ ನನಗೆ ಅತಿ ಇಷ್ಟವಾದ ಚಿತ್ರ ಅದೇ.

ಪ್ರಶ್ನೆ: ಆಕಾಶ ಸಪ್ಪೆ ಬಂದರೆ ಸಾಫ್ಟ್‌ವೇರ್‌ನಲ್ಲಿ ಬೇರೆ ಆಕಾಶ ಕೂರಿಸಬಹುದೇ?

ಉತ್ತರ: ನಾನು ಕೂರಿಸುವುದಿಲ್ಲ. ಮರಳಿನ ಮೇಲಿರುವ ಬೆಳಕು ಆ ಆಕಾಶದ್ದು. ಬೇರೆ ಆಕಾಶ ತಂದರೆ ನೆರಳು ಒಂದು ಕಡೆ, ಸೂರ್ಯ ಇನ್ನೊಂದು ಕಡೆ ಆಗುತ್ತದೆ. ನೀವು ಮಾಡುವುದಾದರೆ ನೋಡುವವರಿಗೆ ಹೇಳಿಬಿಡಿ. ನಿಜವಾದ ಬಿರುಗಾಳಿಯಲ್ಲಿ ನಿಂತು ಕಾದವರ ಚಿತ್ರದ ಪಕ್ಕ ಅದನ್ನು ಸುಮ್ನೆ ಇಡುವುದು ಸರಿಯಲ್ಲ, ಅಲ್ವಾ?

ಪ್ರಶ್ನೆ: ಸಿಡಿಲು, ಮರಳು ಎರಡರಿಂದಲೂ ನಾನು ಮತ್ತು ಕ್ಯಾಮೆರಾ ಹೇಗೆ ಪಾರಾಗುವುದು?

ಉತ್ತರ: ಬಯಲಲ್ಲಿ ಟ್ರೈಪಾಡ್ ಹಿಡಿದು ದಿಬ್ಬದ ನೆತ್ತಿಯಲ್ಲಿ ನಿಂತರೆ ಅಲ್ಲಿ ಎಲ್ಲಕ್ಕಿಂತ ಎತ್ತರ ನೀವೇ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ. ಸದ್ದಿಗೆ ಒಂದು ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡ್ ಬೇಕು. ಎಣಿಕೆ 30ರ ಒಳಗಿದ್ದರೆ ಸಿಡಿಲು ಸುಮಾರು 10 ಕಿಲೋಮೀಟರ್ ಒಳಗಿದೆ. ಚಿತ್ರ ಹೋದರೆ ಹೋಗಲಿ, ಕಾರಿನೊಳಗೆ ಬನ್ನಿ, ಗಾಜು ಏರಿಸಿ. ಕೊನೆಯ ಗುಡುಗು ಕೇಳಿದ ಮೇಲೆ 30 ನಿಮಿಷ ಇಳಿಯಬೇಡಿ. ಒಣ ಹಳ್ಳದಲ್ಲಿ ಕಾರು ನಿಲ್ಲಿಸಲೇಬೇಡಿ. ನಿಮ್ಮ ತಲೆ ಮೇಲೆ ಬಿಸಿಲಿದ್ದರೂ, ಎಲ್ಲೋ ದೂರ ಸುರಿದ ಮಳೆ ಅಲ್ಲಿ ನೆರೆಯಾಗಿ ನುಗ್ಗುತ್ತದೆ.

ಗಾಳಿ ಬೀಸುವಾಗ ಲೆನ್ಸ್ ಬದಲಿಸಬೇಡಿ. ಯಾವ ಲೆನ್ಸ್ ಬೇಕು ಅಂತ ಕಾರಿನಲ್ಲೇ ತೀರ್ಮಾನಿಸಿ. ಗಾಜಿನ ಮೇಲೆ ಮರಳು ಕೂತರೆ ಬಟ್ಟೆಯಿಂದ ಒರೆಸಬಾರದು. ಮರಳು ಹೆಚ್ಚಾಗಿ ಕ್ವಾರ್ಟ್ಜ್, ಗಟ್ಟಿತನದ ಮೋಸ್ ಅಳತೆಯಲ್ಲಿ 7. ಲೆನ್ಸಿನ ಗಾಜು ಸಾಮಾನ್ಯವಾಗಿ ಅದಕ್ಕಿಂತ ಮೆದು, ಒಂದೇ ಒಂದು ಕಣ ಸಾಕು ಗೀರು ಬೀಳಲು. ಕ್ಯಾಮೆರಾವನ್ನು ಮುಖ ಕೆಳಗೆ ಮಾಡಿ ಹಿಡಿದು, ರಬ್ಬರ್ ಬ್ಲೋಯರ್‌ನಿಂದ ಗಾಳಿ ಊದಿ. ಕಣವೆಲ್ಲ ಉದುರಿದ ಮೇಲಷ್ಟೇ ಬಟ್ಟೆ ಮುಟ್ಟಿ.