ದೊಡ್ಡ ಸ್ಪಿಂಡಲ್ ಹಾಕಿದರೆ ರೂಟರ್ ಸ್ಟೀಲ್ ಕಡಿಯುತ್ತಾ?

ಮೊದಲ ಪ್ರಶ್ನೆ ಪೀಣ್ಯದಿಂದಲೂ ಬರುತ್ತದೆ, ಹುಬ್ಬಳ್ಳಿಯ ಗೋಕುಲ ರಸ್ತೆಯಿಂದಲೂ ಬರುತ್ತದೆ, ಬೆಳಗಾವಿಯ ಉದ್ಯಮಬಾಗದಿಂದಲೂ ಬರುತ್ತದೆ. ಈ ಸಲ ಉದ್ದಕ್ಕೇ ಉತ್ತರ ಕೊಡುತ್ತೇನೆ. ಉಳಿದವರು ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ನನ್ನ ಹತ್ತಿರ 2.2 ಕಿಲೋವ್ಯಾಟ್, 24,000 ಆರ್‌ಪಿಎಂ ಸ್ಪಿಂಡಲ್‌ನ (ಕಟರ್ ಹಿಡಿದು ತಿರುಗಿಸುವ ಮೋಟರ್) ಸಿಎನ್‌ಸಿ ರೂಟರ್ (ಕಂಪ್ಯೂಟರ್ ನಡೆಸುವ ಹಗುರ ಕಡಿತದ ಯಂತ್ರ) ಇದೆ. ಅಲ್ಯೂಮಿನಿಯಂ ಪ್ಯಾನೆಲ್ ಕೆಲಸ ಚೆನ್ನಾಗಿದೆ. ಈಗ ಇಎನ್8 ಸ್ಟೀಲ್ ಪ್ಲೇಟ್ ಆರ್ಡರ್ ಬಂದಿದೆ. ವಿಪರೀತ ಚ್ಯಾಟರ್ (ಕಡಿಯುವಾಗಿನ ನಡುಕ), ಕಟರ್ ಮುರಿಯುತ್ತಿದೆ. 5.5 ಕಿಲೋವ್ಯಾಟ್ ಸ್ಪಿಂಡಲ್ ಹಾಕಿ, ಫ್ರೇಮಿಗೆ ಕಾಂಕ್ರೀಟ್ ತುಂಬಿಸಿದರೆ ಸಾಕು ಅಂತಾರೆ. ಮಾಡಿಸಲಾ, ವಿಎಂಸಿ (ಲೋಹ ಕಡಿಯುವ ಭಾರಿ ಮಿಲ್ಲಿಂಗ್ ಯಂತ್ರ) ತಗೊಳ್ಳಲಾ?

ಮಾಡಿಸಬೇಡಿ. ಹೀಗೆ ಹೇಳಿದವರು ನಿಮಗೆ ಸ್ಪಿಂಡಲ್ ಮಾರುವವರೇ ಅಲ್ವಾ?

ಲೆಕ್ಕ ನೋಡಿ. ಆ 2.2 ಕಿಲೋವ್ಯಾಟ್ ಸಿಗುವುದು 24,000 ಆರ್‌ಪಿಎಂನಲ್ಲಿ. ಆಗಲೂ ಟಾರ್ಕ್ (ತಿರುಗಿಸುವ ಬಲ) 0.9 ನ್ಯೂಟನ್ ಮೀಟರ್ ದಾಟುವುದಿಲ್ಲ. ಇಎನ್8ಗೆ 10 ಎಂಎಂ ಕಾರ್ಬೈಡ್ ಕಟರನ್ನು ನಿಮಿಷಕ್ಕೆ 100 ಮೀಟರ್ ವೇಗದಲ್ಲಿ ಓಡಿಸಿದರೆ ಬೇಕಾಗುವುದು ಸುಮಾರು 3,200 ಆರ್‌ಪಿಎಂ. ವೇಗ ಇಳಿದರೆ ಟಾರ್ಕ್ ಏರುವುದಿಲ್ಲ, ಹಾಗಾಗಿ ಅಲ್ಲಿ ನಿಮ್ಮ ಮೋಟರ್ ಕೊಡುವುದು 300 ವ್ಯಾಟ್. ಅದೇ ಜಾತಿಯ 5.5 ಕಿಲೋವ್ಯಾಟ್ ಹಾಕಿದರೂ 700 ಚಿಲ್ಲರೆ ವ್ಯಾಟ್. 1,500 ಆರ್‌ಪಿಎಂಗೇ 7.5 ಕಿಲೋವ್ಯಾಟ್ ಕೊಡುವ ವಿಎಂಸಿ ಸ್ಪಿಂಡಲ್‌ನಲ್ಲಿ 48 ನ್ಯೂಟನ್ ಮೀಟರ್ ಇರುತ್ತದೆ. ಮಾರುವವರು ಕಿಲೋವ್ಯಾಟ್ ಮಾತ್ರ ಹೇಳುತ್ತಾರೆ, ಯಾವ ವೇಗಕ್ಕೆ ಎಷ್ಟು ಟಾರ್ಕ್ ಅನ್ನುವ ಕರ್ವ್ ತೋರಿಸುವುದಿಲ್ಲ.

ಟಾರ್ಕ್ ಹೇಗೋ ಸಿಕ್ಕಿತು ಅನ್ನಿ. ಅಲುಗಾಡುವ ಏಣಿ ಮೇಲೆ ನಿಂತು ಗೋಡೆಗೆ ದೊಡ್ಡ ಡ್ರಿಲ್ ಹಾಕಿದ ಹಾಗಾಗುತ್ತದೆ. ಕಟರ್ ಮೇಲೆ ಬಿದ್ದ ಒತ್ತಡ ಹೋಲ್ಡರ್, ಝಡ್ ಸ್ಲೈಡ್ (ಸ್ಪಿಂಡಲನ್ನು ಮೇಲೆ ಕೆಳಗೆ ಓಡಿಸುವ ಭಾಗ), ಗ್ಯಾಂಟ್ರಿ (ಅದನ್ನು ಹೊತ್ತ ಅಡ್ಡ ತೊಲೆ), ರೈಲು, ಬೆಡ್ಡು ದಾಟಿ ಜಾಬ್‌ಗೆ ವಾಪಸ್ ಬರಬೇಕು. ಈ ದಾರಿಯಲ್ಲಿ ಯಾವುದು ಎಲ್ಲಕ್ಕಿಂತ ಸಡಿಲವೋ ಅದೇ ನಿಮ್ಮ ಫಿನಿಶ್ ನಿರ್ಧರಿಸುತ್ತದೆ. ಕಾಂಕ್ರೀಟ್ ತುಂಬಿದರೆ ಬೆಡ್ಡಿನ ಕಂಪನ ಸ್ವಲ್ಪ ತಗ್ಗಬಹುದು. ನಿಮ್ಮ ಗ್ಯಾಂಟ್ರಿ ಮತ್ತು ಝಡ್ ಸ್ಲೈಡ್ ಮಾತ್ರ ಇದ್ದ ಹಾಗೇ ಇರುತ್ತವೆ.

ನಂಬಿಕೆ ಇಲ್ಲವಾ? ಟೇಬಲ್ ಮೇಲೆ ಡಯಲ್ (ಮೈಕ್ರಾನ್ ಅಳೆಯುವ ಮುಳ್ಳಿನ ಉಪಕರಣ) ನಿಲ್ಲಿಸಿ, ಅದರ ತುದಿಯನ್ನು ಸ್ಪಿಂಡಲ್ ಮೂತಿಗೆ ತಾಗಿಸಿ. ಡ್ರೈವ್ ಆನ್ ಇರಲಿ, ಸ್ಪಿಂಡಲ್ ತಿರುಗುವುದು ಬೇಡ. ಸ್ಪಿಂಡಲ್‌ಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿ 20 ಕೆಜಿ ಎಳೆಯಿರಿ. ಒಳ್ಳೆಯ ವಿಎಂಸಿಯಲ್ಲಿ ಮುಳ್ಳು 10 ಮೈಕ್ರಾನ್ ದಾಟಬಾರದು. ನಿಮ್ಮದರಲ್ಲಿ 100 ಮೈಕ್ರಾನ್ ಓಡಿದರೆ ಚರ್ಚೆ ಅಲ್ಲಿಗೆ ಮುಗಿಯಿತು. ಖರ್ಚಿಗೆ ಮುಂಚೆ ಈ ಹತ್ತು ನಿಮಿಷದ ಕೆಲಸ ಯಾರೂ ಮಾಡುವುದಿಲ್ಲ. ಯಾಕೋ ಗೊತ್ತಿಲ್ಲ.

ಹಾಗಂತ ನಾಳೆಯೇ ವಿಎಂಸಿಗೆ ಅಡ್ವಾನ್ಸ್ ಕೊಡಬೇಡಿ. ಒಂದೇ ಗಿರಾಕಿಯ ಒಂದೇ ಆರ್ಡರ್ ನಂಬಿ ಇಎಂಐ ಹೊತ್ತವರನ್ನು ಬೇಕಾದಷ್ಟು ನೋಡಿದ್ದೇನೆ. ಸದ್ಯಕ್ಕೆ ಇಎನ್8 ಕೆಲಸವನ್ನು ಹೊರಗೆ ಜಾಬ್‌ವರ್ಕ್‌ಗೆ ಕೊಡಿ. ಲಾಭ ಕಡಿಮೆ, ನಿದ್ದೆ ಜಾಸ್ತಿ. ಎರಡು ಮೂರು ಕಡೆಯಿಂದ ಸ್ಟೀಲ್ ಕೆಲಸ ಪದೇ ಪದೇ ಬಂದರೆ ಆಗ ಯಂತ್ರ ನೋಡಿ. ರೂಟರ್ ಮಾರಬೇಡಿ, ಪ್ಯಾನೆಲ್‌ಗೆ ಅದೇ ಸರಿ.

ನೋಡುವಾಗ ಬೀಡು ಕಬ್ಬಿಣದ ಬಾಡಿ, ಬಿಟಿ40 ಟೇಪರ್ (ಹೋಲ್ಡರ್ ಕೂರುವ ಶಂಕುವಿನ ಅಳತೆ) ಇರಲಿ. ಅದಕ್ಕಿಂತ ಸಣ್ಣದಾದ ಬಿಟಿ30 ಚಿಕ್ಕ ಡ್ರಿಲ್, ಟ್ಯಾಪ್ ಕೆಲಸಕ್ಕೆ ಚೆನ್ನ, ಇಎನ್8 ಮೇಲೆ ಫೇಸ್‌ಮಿಲ್ (ಮೇಲ್ಮೈ ಸಮ ಮಾಡುವ ಅಗಲ ಕಟರ್) ಓಡಿಸಲು ಅಲ್ಲ. ಬಾಕ್ಸ್ ವೇ, ಎಲ್‌ಎಂ ಗೈಡ್ (ಯಂತ್ರದ ಭಾಗಗಳು ಜಾರುವ ಎರಡು ಬಗೆಯ ದಾರಿ) ಜಗಳಕ್ಕೆ ಹೋಗಬೇಡಿ. ನಿಮ್ಮ ಕೆಲಸಕ್ಕೆ ಎಲ್‌ಎಂ ಧಾರಾಳ ಸಾಕು. ಬೆಂಗಳೂರಿನ ತುಮಕೂರು ರಸ್ತೆಯ ಬಿಐಇಸಿ ಪ್ರದರ್ಶನ ಕೇಂದ್ರದಲ್ಲಿ ಇಮ್‌ಟೆಕ್ಸ್ ಯಂತ್ರಮೇಳ ನಡೆದಾಗ ಸ್ಟಾಲ್‌ನಲ್ಲಿ ಅಲ್ಯೂಮಿನಿಯಂ ಕಡಿದು ಕನ್ನಡಿ ಫಿನಿಶ್ ತೋರಿಸಿದರೆ ಮರುಳಾಗಬೇಡಿ. ನಿಮ್ಮ ಪ್ಲೇಟ್, ನಿಮ್ಮ ಡ್ರಾಯಿಂಗ್ ತಗೊಂಡು ಹೋಗಿ. ಅವರ ಯಂತ್ರದಲ್ಲಿ ಕಡಿಸಿ, ಅಳೆದು ನೋಡಿ. ಒಪ್ಪದಿದ್ದರೆ ಬೇರೆಯವರ ಹತ್ತಿರ ಹೋಗಿ.

ಯಂತ್ರದ ಬೆಲೆಯ ಐದನೇ ಒಂದು ಭಾಗವಾದರೂ ವೈಸ್, ಹೋಲ್ಡರ್, ಕಟರ್, ಕಂಪ್ರೆಸರ್, ಸ್ಟೆಬಿಲೈಸರ್, ಅರ್ತಿಂಗ್‌ಗೆ ಎತ್ತಿಡಿ. ವಿದ್ಯುತ್ ಕಂಪನಿಯಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ. ಶಟರ್ ಎತ್ತರ ಅಳೆಯಿರಿ. ಮೂರು ನಾಲ್ಕು ಟನ್ ಯಂತ್ರವನ್ನು ಬೀದಿಯಲ್ಲಿ ಇಳಿಸಿದ ಮೇಲೆ ಶಟರ್ ಒಡೆಸುವುದನ್ನು ನೋಡಿ ಸಾಕಾಗಿದೆ.

ಪ್ರಶ್ನೆ: ಕಡಿಮೆ ಬೆಲೆಗೆ ಹಳೆ ವಿಎಂಸಿ ಸಿಗುತ್ತಿದೆ. ಬ್ಯಾಕ್‌ಲ್ಯಾಶ್ (ದಿಕ್ಕು ಬದಲಿಸುವಾಗಿನ ಸಡಿಲ) ಇದೆ, ಕಂಟ್ರೋಲರ್‌ನ ಪ್ಯಾರಾಮೀಟರ್‌ನಲ್ಲಿ ಸರಿ ಮಾಡಿಕೊಡುತ್ತೇವೆ ಅಂತಾರೆ.

ಬಾಲ್ ಸ್ಕ್ರೂ (ಟೇಬಲ್ ಓಡಿಸುವ ತಿರುಪು) ಎಲ್ಲ ಕಡೆ ಒಂದೇ ಥರ ಸವೆಯುವುದಿಲ್ಲ. ಹೆಚ್ಚಾಗಿ ಕೆಲಸ ನಡೆದ ಮಧ್ಯಭಾಗ ಜಾಸ್ತಿ ಸವೆದಿರುತ್ತದೆ. ಪ್ಯಾರಾಮೀಟರ್‌ನಲ್ಲಿ ಒಂದೇ ಅಂಕಿ ಹಾಕಿದರೆ ಮಧ್ಯದಲ್ಲಿ ಸರಿ, ತುದಿಯಲ್ಲಿ ತಪ್ಪು. ಸ್ಪಿಂಡಲನ್ನು ಅರ್ಧ ಗಂಟೆ ಓಡಿಸಿ, ಟೆಸ್ಟ್ ಬಾರ್ (ಪರೀಕ್ಷೆಯ ನೇರ ಸರಳು) ಹಾಕಿ ಡಯಲ್ ಹಿಡಿಯಿರಿ. ಅದಕ್ಕೆ ಬಿಡದವರ ಹತ್ತಿರ ಏನೂ ಕೊಳ್ಳಬೇಡಿ. ಹೊಸ ಪೇಂಟ್ ಹೊಡೆದಿದ್ದರೆ ಇನ್ನೂ ಅನುಮಾನಪಡಿ.

ಪ್ರಶ್ನೆ: ಉದ್ದ ಕಟರ್ ಹಾಕಿದರೆ ಮಾತ್ರ ಚ್ಯಾಟರ್ ಬರುತ್ತದೆ. ಯಂತ್ರದ ದೋಷವಾ?

ಇಲ್ಲ. ಹೋಲ್ಡರ್‌ನಿಂದ ಕಟರ್‌ನ ಹೊರಚಾಚು 30 ಎಂಎಂನಿಂದ 60 ಆದರೆ ಕಟರ್ ಬಾಗುವುದು ಎಂಟು ಪಟ್ಟು. ಒಳಗೆ ತಳ್ಳಿ ಬಿಗಿ ಮಾಡಿ.

ಪ್ರಶ್ನೆ: ನೇರ ಫೈವ್ ಆಕ್ಸಿಸ್ (ಐದು ಅಕ್ಷಗಳಲ್ಲಿ ಚಲಿಸುವ) ಯಂತ್ರಕ್ಕೇ ಹೋಗಲಾ?

ಬೇಡ.

ಪ್ರಶ್ನೆ: ಸಾಲಕ್ಕೆ ಉದ್ಯಮ್ (ಸಣ್ಣ ಉದ್ಯಮಗಳ) ನೋಂದಣಿ ಬೇಕಂತೆ. ಏಜೆಂಟ್ ಐದು ಸಾವಿರ ಕೇಳುತ್ತಿದ್ದಾರೆ.

ಸರ್ಕಾರದ ಪೋರ್ಟಲ್‌ನಲ್ಲಿ ಅದು ಪೂರ್ತಿ ಉಚಿತ. ಆಧಾರ್, ಪ್ಯಾನ್ ಇಟ್ಟುಕೊಂಡು ನೀವೇ ಮಾಡಿ. ಆ ಐದು ಸಾವಿರಕ್ಕೆ ಒಳ್ಳೆಯ ಡಯಲ್ ತಗೊಳ್ಳಿ.